ಚೋಪಚೀನಿಯೋ, ಬಿಳಿ ಗುಳಿಗೆಯೋ

ಆ ಬಿಳಿ ಗುಳಿಗೆಗಳನ್ನು ನಾನು ನುಂಗಿದ್ದೆನೋ ಇಲ್ಲವೋ ಈಗ ನನಗೆ ಗೊತ್ತಿಲ್ಲ. ನುಂಗಿರಲಿಲ್ಲ ಎಂದೇ ಬಹಳ ದಿನ ಎಲ್ಲರಿಗೂ ಹೇಳುತ್ತ ಬಂದೆ. ಕಿಟಕಿಯ ಕಟ್ಟೆಯ ಮೇಲೆ ಗುಳಿಗೆಯ ಪಟ್ಟಿಯೊಂದು ಒಡೆಯದೆ ಬಿದ್ದಿದೆ. ಅದರ ಬೆಳ್ಳಿ ಬಣ್ಣದ ಬೆನ್ನಿಗೆ ಮಧ್ಯಾಹ್ನದ ಬಿಸಿಲು ತಾಗಿ ಗೋಡೆಯ ಮೇಲೆ ಬೆಳಕಿನ ಚೂರು ಅಲುಗುತ್ತಿದೆ. ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತದೆ. ಆದರೆ ಅದು ಯಾವ ಪಟ್ಟಿ? ನೋವಿನ ಗುಳಿಗೆಯದೋ, ಯೂರಿಕ್ ಆಸಿಡ್ ಇಳಿಸುವ ಗುಳಿಗೆಯದೋ? ಆ ಮಧ್ಯಾಹ್ನ ಕಾಯಿಲೆ ಬಿದ್ದ ಮೊದಲ ವಾರದ್ದೋ, ಎದ್ದು ಓಡಾಡಲು ಶುರು ಮಾಡಿದ ಮೇಲಿನದೋ? ಕೇಳಿಕೊಂಡಷ್ಟೂ ಚಿತ್ರ ಇನ್ನೂ ಚೆಂದವಾಗುತ್ತ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಒಂದು ಪ್ರಯೋಗದಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ಪ್ರತಿ ವರ್ಷ ಹೊಸ ಮುಖಗಳಿಗೆ ಹೇಳುವವನು. ನನ್ನ ಮೈಮೇಲೆ ನಡೆದ ಪ್ರಯೋಗದಲ್ಲಿ ಎಷ್ಟು ಸಂಗತಿ ಬದಲಾದವೋ ಲೆಕ್ಕವಿಲ್ಲ. ಅದನ್ನು ಇಲ್ಲಿ ಬರೆಯುತ್ತಿರುವುದು ನನ್ನಂತೆಯೇ ಕಾಲು ಹಿಡಿದುಕೊಂಡು ಒಬ್ಬರೇ ಕೂತಿರುವ ಯಾರಾದರೂ ಇದ್ದಾರು ಎಂದು.

ಮೊದಲು ಬಂದದ್ದು ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮುಂಚೆ. ಬಲಗಾಲಿನ ಹೆಬ್ಬೆರಳಿಗೆ ಚೇಳು ಕಡಿಯಿತು ಅಂದುಕೊಂಡೆ. ಒಂಟಿ ಕಾಲ ಮೇಲೆ ನಿಂತು ಹಾಸಿಗೆ ಝಾಡಿಸಿದೆ, ಮಂಚದ ಕೆಳಗೆ ಟಾರ್ಚು ಬಿಟ್ಟೆ, ಶೂ ಒಳಗೆ ನೋಡಿದೆ. ಚೇಳು ಇರಲಿಲ್ಲ. ಬೆರಳು ಕೆಂಪಗೆ ಊದಿ, ಫ್ಯಾನಿನ ಗಾಳಿ ಸೋಕಿದರೂ ಜೀವ ಹೋಗುವಂತಾಯಿತು. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಕೂತು ಇಳಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರ ಜೊತೆಗೂ ಯಾರಾದರೂ ಇದ್ದರು. ಹೆಂಡತಿ, ಮಗ, ಊರಿನ ಯಾರೋ ಒಬ್ಬರು, ನೀರಿನ ಬಾಟಲಿ, ಬುತ್ತಿ. ಹೆಸರು ಬರೆದುಕೊಂಡ ಸಿಸ್ಟರ್ ಕೇಳಿದಳು: "ಜೋಡಿ ಯಾರ ಬಂದಾರ್ರಿ?"

"ಯಾರಿಲ್ರಿ."

"ಯಾರಿಲ್ಲಂದ್ರ ರಿಪೋರ್ಟ್ ಯಾರ ತರತಾರ್ರಿ? ನೀವಂತೂ ನಡ್ಯಾಕ ಆಗೂದಿಲ್ಲ."

ನಾನು ಮದುವೆಯಾಗಿಲ್ಲ. ತಂದೆತಾಯಿ ತೀರಿಕೊಂಡಿದ್ದಾರೆ. ನನಗಿರುವವಳು ಅಕ್ಕ ಒಬ್ಬಳೇ, ಸುಧಕ್ಕ. ಬಸವನ ಬಾಗೇವಾಡಿಯಲ್ಲಿ ಇರುತ್ತಾಳೆ. ಭಾವ ಆಲಮಟ್ಟಿಯ ನೀರಾವರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಫೋನು ಮಾಡಿದೆ. ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು ಬಂದರು. ಅಕ್ಕನ ಕೈಯಲ್ಲಿ ಮೊಸರನ್ನದ ಡಬ್ಬಿಯಿತ್ತು. ಅವಳನ್ನು ಕಂಡ ಕೂಡಲೇ ಅರ್ಧ ನೋವು ಇಳಿದಂತೆನಿಸಿತು.

ಡಾಕ್ಟರ ಕೋಣೆಗೆ ಮೂವರೂ ಹೋದೆವು. ಹೊರಗೆ ಇನ್ನೂ ಬಹಳ ಮಂದಿ ಕಾಯುತ್ತಿದ್ದರು, ಡಾಕ್ಟರಿಗೆ ಅವಸರ. ರಿಪೋರ್ಟು ನೋಡಿದರು, ಬೆರಳು ನೋಡಿದರು. ಏಳರೊಳಗೆ ಇರಬೇಕಾದ ಯೂರಿಕ್ ಆಸಿಡ್ ಒಂಬತ್ತು ದಾಟಿತ್ತು.

"ಗೌಟ್ ಐತ್ರಿ ಸರ್. ಮಟನ್ ಬಿಡಬೇಕು. ಲಿವರ್, ಭೇಜಾ ಅಂತೂ ವಾಸನಿನೂ ನೋಡಬ್ಯಾಡ್ರಿ. ಬಿಯರ್ ಬಂದ್."

"ನಾನು ತಿನ್ನೂದಿಲ್ರಿ," ಅಂದೆ. "ಕುಡಿಯೂದೂ ಇಲ್ಲ."

ಅವರು ಔಷಧ ಬರೆಯುತ್ತ, ತಲೆ ಎತ್ತದೆಯೇ ನಕ್ಕರು. "ಮನಿಯವರು ಮುಂದ ಕುಂತಾಗ ಎಲ್ಲಾರೂ ಹಂಗ ಅಂತಾರ್ರಿ ಸರ್."

ನಾನು ತಿರುಗಿ ಅಕ್ಕನ ಮುಖ ನೋಡಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಭಾವ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ನಮ್ಮದು ವೈಷ್ಣವರ ಮನೆತನ, ಇಂಡಿ ಊರಿನದು. ಅಕ್ಕ ಉಳ್ಳಾಗಡ್ಡಿ ಕೂಡ ಮುಟ್ಟುವವಳಲ್ಲ.

ಡಾಕ್ಟರು ಎರಡು ಬಗೆಯ ಗುಳಿಗೆ ಕೊಟ್ಟರು. ನೋವಿಗೆ ಒಂದು, ಕೂಡಲೇ. ನೋವು ಇಳಿದ ಮೇಲೆ ದಿನಾ ಒಂದರಂತೆ ಶುರು ಮಾಡಬೇಕಾದ ಬಿಳಿ ಗುಳಿಗೆ ಇನ್ನೊಂದು. ಆಟೋದಲ್ಲಿ ನನ್ನ ಕೋಣೆಗೆ ಬಂದೆವು. ಗ್ರಹಚಾರಕ್ಕೆ ಅಂದು ಶುಕ್ರವಾರ. ಕೆಳಗೆ ಮನೆಯ ಮಾಲಕರಾದ ಜೈನಾಬಿಯವರ ಅಡುಗೆಮನೆಯಲ್ಲಿ ಮಟನ್ ಮಸಾಲೆ ಹುರಿಯುತ್ತಿದ್ದ ಘಮ ಮೆಟ್ಟಿಲ ತುಂಬ ತುಂಬಿತ್ತು.

"ಊಟ ಎಲ್ಲೆ ಮಾಡ್ತೀಯೋ?" ಅಕ್ಕ ಕೇಳಿದಳು.

"ಮೆಸ್ಸಿನ್ಯಾಗ."

"ಯಾವ ಮೆಸ್ಸು?"

"ಅಕ್ಕಾ, ನಾ ಅಂಥಾದ್ದೇನೂ ತಿಂದಿಲ್ಲ."

"ನಾ ಏನೂ ಕೇಳಿಲ್ಲಪಾ," ಅಂದಳು. ಮೊಸರನ್ನದ ಡಬ್ಬಿ ಇಟ್ಟು ಸಂಜೆಯ ಬಸ್ಸಿಗೆ ಹೊರಟುಬಿಟ್ಟರು. ಡಬ್ಬಿ ನೀನೇ ಇಟ್ಟುಕೋ, ತಿರುಗಿ ಕೊಡುವುದು ಬೇಡ ಎಂದಳೆಂದು ನೆನಪು. ಹಾಗೆ ಅಂದಳೋ, ನಾನೇ ಆಮೇಲೆ ಕೂಡಿಸಿಕೊಂಡೆನೋ.

ಆ ಮೇಲಿನ ದಿನಗಳಲ್ಲಿ ಫೋನು ಕಡಿಮೆಯಾಯಿತು. ನಾನು ಮಾಡಿದರೆ ಭಾವ ಎತ್ತಿ "ಆಕಿ ಪೂಜಿಗೆ ಕೂತಾಳ" ಅನ್ನುತ್ತಿದ್ದರು. ಕಾಲೇಜಿಗೆ ರಜೆ ಹಾಕಿದ್ದೆ. ಸುಮ್ಮನೆ ಕೂರುವ ಜಾತಿಯವನಲ್ಲ ನಾನು. ಪಾಠ ಮಾಡುವಾಗಲೂ ಹಲಗೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡುವವನು. ಈಗ ಮಂಚದಿಂದ ಕಿಟಕಿಗೆ ಹೋಗುವುದೇ ಒಂದು ಪ್ರವಾಸವಾಗಿತ್ತು. ಮೆಸ್ಸಿನ ಊಟ ಮೇಲಕ್ಕೆ ತರುವವರಿರಲಿಲ್ಲ. ಬಿಸ್ಕೀಟು, ಬಾಳೆಹಣ್ಣು.

ಒಂದು ದಿನ ಜೈನಾಬಿ ಗೋಡೆ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ "ಯಾ ಅಲ್ಲಾ" ಎನ್ನುತ್ತ ಮೇಲೆ ಬಂದರು. ಎಪ್ಪತ್ತು ದಾಟಿದ ವಿಧವೆ. ಅವರ ಮಾವ ಹಿಂದೆ ಹಕೀಮರಾಗಿದ್ದವರು. ಬಾಗಿಲಲ್ಲಿ ನಿಂತು ನನ್ನ ಬೆರಳು ನೋಡಿದರು.

"ಡಾಕ್ಟರ ಏನಂದ್ರು?"

"ಮಟನ್ ಬಿಡು ಅಂದ್ರು ಅಮ್ಮಾ."

ಅವರು ಸೊಂಟ ಹಿಡಿದುಕೊಂಡು ನಕ್ಕರು. "ತಿನ್ನಾವ್ರು ನಾವು, ವಾತ ನಿಮಗ! ಇದ್ಯಾವ ನ್ಯಾಯ್ರಿ ಸರ್?" ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅವರೇ ಹೇಳಿದ್ದು ಚೋಪಚೀನಿಯ ಸುದ್ದಿ. ಹಳೆಯ ಕಾಲದಲ್ಲಿ ಹಡಗಿನಲ್ಲಿ ಚೀನಾದಿಂದ ಬರುತ್ತಿದ್ದ ಬೇರಂತೆ. ಅವರ ಮಾವ ಸಂಧಿವಾತಕ್ಕೆ ಅದನ್ನೇ ಕೊಡುತ್ತಿದ್ದರಂತೆ. ಮುದ್ದೇಬಿಹಾಳದಲ್ಲಿದ್ದ ಮಗಳಿಗೆ ಹೇಳಿ ತರಿಸಿದರು. ಗುಲಾಬಿ ಛಾಯೆಯ ಕಟ್ಟಿಗೆ ಚೂರುಗಳು. ಜಜ್ಜಿ, ನೀರಿಗೆ ಹಾಕಿ, ಕಾಲುಭಾಗಕ್ಕೆ ಇಳಿಯುವ ತನಕ ಕುದಿಸಬೇಕು. ಅದಕ್ಕೊಂದು ಕಟ್ಟುನಿಟ್ಟಾದ ಪಥ್ಯ.

"ಉಪ್ಪು ಬಂದ್. ಹುಳಿ ಬಂದ್. ಗಾಳಿಗಿ ಹೋಗೂದು ಬಂದ್. ಹಾಲು, ತುಪ್ಪ, ರೊಟ್ಟಿ. ಬ್ಯಾಳಿ ಸೈತ ಬ್ಯಾಡ. ಉಪ್ಪು ತಿಂದ್ರ ಬೇರು ಕೆಲಸ ಮಾಡೂದಿಲ್ಲ, ನೋಡ್ರಿ ಮತ್ತ, ನನಗ ಅನ್ನಬ್ಯಾಡ್ರಿ."

"ಯಾಕ ಕೆಲಸ ಮಾಡೂದಿಲ್ಲ?"

"ಯಾಕ ಅಂತ ನಮ್ಮ ಮಾವನ್ನ ಕೇಳ್ರಿ. ಖಬರಸ್ತಾನದಾಗ ಅದಾರ."

ನಾನು ಮಂಚದ ಮೇಲೆ ಕೂತು ಫೋನಿನಲ್ಲಿ ಹುಡುಕಿ ಓದಿದೆ. ಆ ಜಾತಿಯ ಬೇರುಗಳ ಮೇಲೆ ಕೆಲಸ ನಡೆದಿರುವುದು ನಿಜ. ಇಲಿಗಳಲ್ಲಿ ಯೂರಿಕ್ ಆಸಿಡ್ ಇಳಿಯಿತು ಎಂದು ಬರೆದವರಿದ್ದಾರೆ. ಮನುಷ್ಯರ ವಿಷಯಕ್ಕೆ ಬಂದ ಕೂಡಲೇ ವಾಕ್ಯಗಳೆಲ್ಲ 'ಇರಬಹುದು' ಎಂದು ಮುಗಿಯುತ್ತಿದ್ದವು. ನಾನು ನಂಬಲಿಲ್ಲ. ಆದರೂ ಕುಡಿದೆ. ದಿನಕ್ಕೆರಡು ಸಲ ಯಾರೋ ಒಬ್ಬರು ಲೋಟ ಹಿಡಿದು ನನಗಾಗಿ ಮೆಟ್ಟಿಲು ಹತ್ತುತ್ತಿದ್ದರು. ಬೇಡ ಎಂದಿದ್ದರೆ ಆ ಹೆಜ್ಜೆ ಸಪ್ಪಳವೂ ನಿಲ್ಲುತ್ತಿತ್ತು.

ಉಪ್ಪಿಲ್ಲದ ರೊಟ್ಟಿಯ ಮೊದಲ ತುತ್ತು ಇಂದಿಗೂ ನಾಲಗೆಯ ಮೇಲಿದೆ. ಪಥ್ಯ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ಐದರ ಆಸುಪಾಸಿಗೆ ಇಳಿದಿತ್ತು. ಡಾಕ್ಟರು "ಗುಳಿಗಿ ಚಲೋ ಹಿಡದೈತಿ, ಬಿಡಬ್ಯಾಡ್ರಿ" ಅಂದರು. ನಾನು ಒಳಗೊಳಗೇ ನಕ್ಕೆ ಎಂದು ನೆನಪು. ಗುಳಿಗೆಯ ಪಟ್ಟಿ ಒಡೆದೇ ಇರಲಿಲ್ಲವಲ್ಲ ಎಂದು. ಅಂದಿನಿಂದ ಗುಳಿಗೆ ದಿನಾ ತೆಗೆದುಕೊಂಡೆ, ಬೇರು ಬಿಟ್ಟೆ. ಉಪ್ಪಿಲ್ಲದೆ ಎಷ್ಟು ದಿನ ಬದುಕುವುದು? ಆದರೆ ಸ್ಟಾಫ್ ರೂಮಿನಲ್ಲಿ ಚೋಪಚೀನಿಯ ಕಥೆ ಹೇಳಿದೆ. ಯಾವುದನ್ನೂ ನಂಬದ ಕೆಮಿಸ್ಟ್ರಿ ಮಾಸ್ತರನ ಬಾಯಲ್ಲಿ ಬೇರಿನ ಕಥೆ ಎಲ್ಲರಿಗೂ ರುಚಿಸಿತು. ಮತ್ತೆ ಹೇಳಿದೆ. ಕೆಳಗೆ ಜೈನಾಬಿಯವರ ಮುಂದೆಯೂ, ಇಂಡಿಯವರು ಫೋನು ಮಾಡಿದಾಗಲೂ ಹೇಳಿದೆ. ಬೆಳ್ಳಿ ಪಟ್ಟಿ, ಬಿಸಿಲು, ಗೋಡೆಯ ಮೇಲಿನ ಬೆಳಕು ಎಷ್ಟನೆಯ ಸಲಕ್ಕೆ ಕಥೆಯೊಳಗೆ ಬಂದವೋ ಗೊತ್ತಿಲ್ಲ.

ಆಮೇಲೆ ಇಂಡಿಯಲ್ಲಿ ಕಾಕಾನ ಮೊಮ್ಮಗನ ಮುಂಜಿವಿ ಆಯಿತು. ನಮ್ಮ ಮನೆತನದ ಕಾರ್ಯಗಳಲ್ಲಿ ಮಡಿ ಉಟ್ಟು ಬಡಿಸುವುದು ಮೊದಲಿನಿಂದ ನನ್ನ ಕೆಲಸ. ಪಂಚೆ ಉಟ್ಟು ಅಡುಗೆಮನೆಯ ಕಡೆ ಹೊರಟಾಗ ಕಾಕಾ ಕೈ ಅಡ್ಡ ಹಿಡಿದರು.

"ನೀ ಕೂಡಪಾ, ಕಾಲು ನೋಯ್ತದ."

"ಕಾಲು ಆರಾಮ ಆಗ್ಯದ ಕಾಕಾ."

"ಇರ್ಲಿ. ಕೂಡು."

ಪಂಕ್ತಿಯ ಕೊನೆಯ ಎಲೆ ನನ್ನದಾಯಿತು. ಅದು ಕಾಲಿನ ಮೇಲಿನ ಕಾಳಜಿಯೋ, ಮಟನ್ನಿನ ಸಂಶಯವೋ? ಎದುರು ಸಾಲಿನಲ್ಲಿದ್ದ ಅಕ್ಕ ಒಮ್ಮೆ ನನ್ನತ್ತ ನೋಡಿ ಎಲೆಗೆ ನೀರು ಚಿಮುಕಿಸತೊಡಗಿದಳು. ಕೇಳಲು ಧೈರ್ಯವಾಗಲಿಲ್ಲ. ಊಟ ಮುಗಿದದ್ದೇ ಬಸ್ಸು ಹಿಡಿದೆ.

ಆಮೇಲೆ ಬಹಳ ದಿನ ಅಕ್ಕ ತಾನಾಗಿ ಫೋನು ಮಾಡಲಿಲ್ಲ. ಒಂದು ಮುಂಜಾನೆ ಮಾಡಿದಳು.

"ರಾಘು, ನನಗೂ ಅದ ಬಂದದ."

"ಯಾವದು?"

"ನಿಂದು. ಯೂರಿಕ್ ಆಸಿಡ್. ಕಿಡ್ನಿಗೂ ಸ್ವಲ್ಪ ತಾಕ್ಯದಂತ. ಅಲ್ಲೋ, ಆ ಡಾಕ್ಟರ ನನಗ ಕೇಳ್ತಾನ, ಮಟನ್ ತಿಂತೀರೇನ್ರಿ ಅಮ್ಮಾ, ಅಂತ. ನನಗ!"

ನನಗೆ ನಗು ತಡೆಯಲಾಗಲಿಲ್ಲ. "ನೀ ಏನಂದಿ?"

"ಏನನ್ಲಿ? ನಿಮ್ಮ ಭಾವ ಬಾಜೂಕ ಕೂತಿದ್ರು. ಅವರ ಮಾರಿ ನೋಡಿದೆ." ಆಮೇಲೆ ಮೆಲ್ಲಗೆ ಅಂದಳು: "ಅವತ್ತ ನೀ ನನ್ನ ಮಾರಿ ನೋಡಿದ್ದು ನೆನಪಾತು."

ಮತ್ತೆ ಅವಳೇ ಮುಂದುವರಿಸಿದಳು: "ಕಿಡ್ನಿ ಉಳೀಬೇಕಂದ್ರ ದಿನಾ ಗುಳಿಗಿ ತೊಗೋಬೇಕಂತ, ಜೀವ ಇರೋತನಕ. ನೀ ಬೇರು ಕುಡದ ಆರಾಮಾದಿ ಅಲ್ಲಾ? ಇಂಡಿಯೊಳಗ ಎಲ್ಲಾರೂ ಅಂತಾರ."

"ಹ್ಞೂಂ."

"ಗುಳಿಗಿ ತೊಗೊಂಡಿದ್ದಿಲ್ಲ ಹೌದಲ್ಲೊ?"

"ಇಲ್ಲ. ಆದರ ನೀ ಡಾಕ್ಟರನ್ನ ಕೇಳದ ಬಿಡಬ್ಯಾಡ."

"ಆತು, ಆತು."

ಫೋನಿಟ್ಟ ಮೇಲೆ ಆ 'ಇಲ್ಲ' ಎಂಬ ಮಾತು ಕೋಣೆಯಲ್ಲೇ ಉಳಿಯಿತು. ಸ್ಟಾಫ್ ರೂಮಿನಲ್ಲಿ ಅದು ಕಥೆಯ ಒಂದು ಸಾಲು. ಇಲ್ಲಿ ಅಕ್ಕನ ಕಿಡ್ನಿ. ಮೊದಲ ಸಲ ನನ್ನನ್ನು ನಾನೇ ಅಡ್ಡಪ್ರಶ್ನೆ ಹಾಕಿಕೊಂಡೆ. ಉಪ್ಪಿಲ್ಲದ ರೊಟ್ಟಿ ನೆನಪಿನಲ್ಲಿ ಉಳಿಯುತ್ತದೆ. ನೀರಿನ ಒಂದು ಗುಟುಕಿನ ಜೊತೆ ಇಳಿದುಹೋದ ಗುಳಿಗೆ ಯಾಕೆ ಉಳಿದೀತು? ನೋವಿನ ಅಮಲಿನಲ್ಲಿ ಯಾವ ಪಟ್ಟಿ ಒಡೆದೆ, ಯಾವುದು ಬಿಟ್ಟೆ?

ಕೆಳಗಿಳಿದು ಜೈನಾಬಿಯವರನ್ನು ಕೇಳಿದೆ.

"ಎಲ್ಲಿ ತೊಗೊಂಡ್ರಿ ಸರ್? ಪಟ್ಟಿ ಹಂಗ ಕಿಡಕ್ಯಾಗ ಬಿದ್ದಿತ್ತು. ಬಿಸಲ ಬಿದ್ದು ಗ್ವಾಡಿ ಮ್ಯಾಲ ಬೆಳಕ ಆಡತಿತ್ತಲ್ಲ."

ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ಹೋಯಿತು. ಅವರು ಮೇಲೆ ಬರುತ್ತಿದ್ದದ್ದು ಬೆಳಿಗ್ಗೆ ಮತ್ತು ಸಂಜೆ. ಆ ಕಿಟಕಿಗೆ ಬಿಸಿಲು ಬರುವುದು ಮಧ್ಯಾಹ್ನ. ನನ್ನ ಬಾಯಿಂದ ಎಷ್ಟೋ ಸಲ ಕೇಳಿದ ಕಥೆಯನ್ನೇ ಅವರು ನನಗೆ ತಿರುಗಿ ಹೇಳುತ್ತಿದ್ದರು, ಪೂರ್ತಿ ಪ್ರಾಮಾಣಿಕವಾಗಿ. ನನಗೆ ಬೇರೆ ಸಾಕ್ಷಿಯೇ ಇರಲಿಲ್ಲ. ಆ ಕೋಣೆಯಲ್ಲಿ ನಾನು ಒಬ್ಬನೇ ಇದ್ದೆ.

ಡಾಕ್ಟರ ಹತ್ತಿರ ಹೋದೆ. ನಾನಾಗ ಏನು ಹೇಳಿದ್ದೆನೋ ಅವರಿಗೂ ನೆನಪಿರಲಿಲ್ಲ. ಗುಳಿಗೆ ಬಿಟ್ಟು ಬರೀ ಬೇರು ಕುಡಿದು ನೋಡುತ್ತೇನೆ ಅಂದಾಗ ಪೆನ್ನು ಕೆಳಗಿಟ್ಟರು.

"ಯಾಕ ಬೇಕ್ರಿ ಸರ್ ಇದು? ಬೇರು ಕೆಟ್ಟದ್ದಂತ ನಾ ಅನ್ನೂದಿಲ್ಲ. ಅದರಾಗ ಮದ್ದ ಎಷ್ಟೈತಿ, ಯಾರ ಕಿಡ್ನಿಗಿ ಏನ ಮಾಡತೈತಿ, ನನಗ ಗೊತ್ತಿಲ್ಲ. ಗೊತ್ತಿಲ್ಲದ್ದು ನಾ ಬರಿಯೂದಿಲ್ಲ."

"ನನಗ ತಿಳ್ಕೋಬೇಕಾಗೇದ್ರಿ."

"ಮಾಸ್ತರು ನೀವು, ಬ್ಯಾಡ ಅಂದ್ರ ಕೇಳ್ತೀರೇನು? ಬೆರಳು ಚಿಟಿಕ್ಕ ಅಂದ್ರ ಅವತ್ತ ಬರಬೇಕ ಮತ್ತ."

ಬೇರಿಗಾಗಿ ನಾನೇ ಮುದ್ದೇಬಿಹಾಳಕ್ಕೆ ಹೋದೆ. ಗಿಡಮೂಲಿಕೆಯ ಅಂಗಡಿಯವನು ಗೋಣಿಚೀಲಕ್ಕೆ ಕೈ ಹಾಕಿ ಚೂರುಗಳನ್ನು ತೆಗೆದ. ಈ ಸಲದವು ಅಷ್ಟು ಗುಲಾಬಿ ಬಣ್ಣದವಲ್ಲ ಅನ್ನಿಸಿತು.

"ಇದು ಚೀನಾದ್ದ ಏನ್ರಿ?"

"ಹೆಸರಿನ್ಯಾಗ ಚೀನಾ ಐತ್ರಿ ಸರ್. ಎಲ್ಲಿಂದ ಬರತೈತಿ ಅಂತ ನಮ್ಮ ದಲಾಲಗ ಗೊತ್ತು, ಅವಗ ಕೊಡಾವಗ ಗೊತ್ತು."

ಮೊದಲು ಕುಡಿದದ್ದೂ ಈಗ ಕುಡಿಯುತ್ತಿರುವುದೂ ಒಂದೇ ಗಿಡವೋ ಎಂಬುದೂ ಸಂಶಯವಾಯಿತು. ಆದರೂ ಪಥ್ಯ ಹಿಡಿದೆ. ಉಪ್ಪಿಲ್ಲದ ದಿನಗಳು ಮತ್ತೆ ಬಂದವು. ವಾರಗಳ ಬಳಿಕ ರಕ್ತ ಕೊಟ್ಟೆ. ಎಂಟರ ಮೇಲಿತ್ತು. ಮೊದಲ ದಿನದಷ್ಟಿಲ್ಲ, ನಿಜ. ಬೇರು ಏನೂ ಮಾಡಲಿಲ್ಲ ಎನ್ನಲಾರೆ. ಸಾಕಾಗುವಷ್ಟು ಮಾಡಲಿಲ್ಲ ಎನ್ನಬಲ್ಲೆ. ಸ್ವಲ್ಪ ಇಳಿದದ್ದು ಬೇರಿನಿಂದಲೋ, ಬೇಳೆ ಬಿಟ್ಟದ್ದರಿಂದಲೋ, ತೂಕ ಇಳಿದದ್ದರಿಂದಲೋ ಅದೂ ಗೊತ್ತಿಲ್ಲ. ಆ ಸಂಜೆಯೇ ಬೆರಳು ಚುರುಗುಟ್ಟತೊಡಗಿತು. ಬಿಳಿ ಗುಳಿಗೆಗೆ ಮರಳಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮರುದಿನ ಬಾಗೇವಾಡಿಯ ಬಸ್ಸು ಹತ್ತಿದೆ.

ಬಾಗಿಲು ತೆಗೆದ ಅಕ್ಕನ ಪಾದಗಳು ಊದಿದ್ದವು. ಒಳಗಿನಿಂದ ಹಸಿ ಕಟ್ಟಿಗೆ ಕುದಿಯುವಂಥ ವಾಸನೆ ಬಂತು. ನನಗೆ ಆ ವಾಸನೆ ಚೆನ್ನಾಗಿ ಗೊತ್ತು.

"ಯಾವಾಗಿಂದ ಕುಡೀಲಿಕತ್ತಿ?"

"ನೀ ಫೋನಿನ್ಯಾಗ ಅಂದ ದಿನದಿಂದ. ನಿಮ್ಮ ಭಾವ ಮುದ್ದೇಬಿಹಾಳಕ್ಕ ಹೋಗಿ ತಂದ್ರು."

"ಗುಳಿಗಿ?"

"ಬಿಟ್ಟೀನಿ."

"ಡಾಕ್ಟರನ್ನ ಕೇಳಿದೇನು?"

"ನಿನ್ನ ಕೇಳಿದ್ನಲ್ಲ."

ನಾನು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡಿದೆ. ಆಮೇಲೆ ನಿಂತು ಹೇಳಿದೆ: "ಅಕ್ಕಾ, ಆವಾಗ ನಾ ಗುಳಿಗಿ ತೊಗೊಂಡಿದ್ನೋ ಇಲ್ಲೋ ನನಗ ನೆನಪಿಲ್ಲ. ಈಗ ಬರೇ ಬೇರು ಕುಡದು ನೋಡಿದೆ. ಇಳೀಲಿಲ್ಲ."

ಭಾವ ಪೇಪರು ಮಡಿಸಿದರು. "ಹಳೇ ಸೂತ್ರ ಎಲ್ಲಾ ನೆನಪಿರ್ತಾವ, ತಾ ನುಂಗಿದ್ದು ನೆನಪಿರೂದಿಲ್ಲ. ಭಾರಿ ಪ್ರೊಫೆಸರಪಾ."

ಅಕ್ಕ ಸಿಟ್ಟಾಗಲಿಲ್ಲ. ಅದೇ ತಡೆಯಲಾಗಲಿಲ್ಲ. ಒಲೆ ಆರಿಸಿ ಬಂದು ಹೊಸ್ತಿಲ ಮೇಲೆ ಕೂತಳು. "ನಾ ಬೇರನ್ನೇನು ನಂಬಿದ್ದಿಲ್ಲೋ. ಅವತ್ತ ಆ ಡಾಕ್ಟರ ಮಾತು ನಂಬಿದೆ, ನಿನ್ನ ನಂಬಲಿಲ್ಲ. ಈ ಸಲ ನೀ ಏನಂತೀಯೋ ಅದನ್ನ ಹಿಂದ ಮುಂದ ನೋಡದ ನಂಬಬೇಕಂತ ಮಾಡಿದ್ದೆ."

ನನ್ನ ನೆನಪಿನ ಮೇಲೆ ಅಷ್ಟು ಭಾರ ಬಿದ್ದಿತ್ತು, ನನಗೆ ತಿಳಿಯದಂತೆ.

ಅಂದೇ ಮೂವರೂ ಆಸ್ಪತ್ರೆಗೆ ಹೋದೆವು. ರಿಪೋರ್ಟು ಬರುವುದು ತಡವಿತ್ತು. ಫಿನಾಯಿಲ್ ವಾಸನೆಯ ಆ ಬೆಂಚಿನ ಮೇಲೆ, ಹೊರಗೆ ಹೋದರೆ ನೀರು ಕೂಡ ಮುಟ್ಟದ ನನ್ನ ಅಕ್ಕ ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆದಳು. ಚಮಚ ಒಂದೇ ಇತ್ತು. "ಮುಂಜಾನಿಂದ ಏನೂ ತಿಂದಿಲ್ಲ ನೀ," ಎಂದು ನನಗೆ ಕೊಟ್ಟಳು. ನಾನು ನಾಲ್ಕು ತುತ್ತು ತಿಂದು, ತೊಳೆದು ತರಲೆಂದು ಎದ್ದೆ. ಅವಳು ಕೈಯಿಂದ ಚಮಚ ಕಸಿದುಕೊಂಡು, ತೊಳೆಯದೆ, ಅದರಿಂದಲೇ ತಿನ್ನತೊಡಗಿದಳು. ಭಾವ ನೋಡಿದರು. ಇದು ನನಗೆ ಸರಿಯಾಗಿ ನೆನಪಿದೆ ಎಂದು ನಂಬಿದ್ದೇನೆ.

ಕಿಡ್ನಿಯ ಅಂಕಿ ಮೊದಲಿಗಿಂತ ಮೇಲೇರಿತ್ತು, ಕೈ ಮೀರಿರಲಿಲ್ಲ. "ಇನ್ನೊಂದೆರಡು ತಿಂಗಳು ಹಿಂಗ ಬಿಟ್ಟಿದ್ರ..." ಎಂದು ಅಲ್ಲಿನ ಡಾಕ್ಟರು ಮಾತು ನಿಲ್ಲಿಸಿದರು. ಗುಳಿಗೆ ಮತ್ತೆ ಶುರುವಾಯಿತು.

ನಾನು ಸಿಂದಗಿಯ ಕೋಣೆಗೆ ಮರಳಿದೆ. ಈಗಲೂ ಒಬ್ಬನೇ ಇದ್ದೇನೆ. ದಿನಾ ಬೆಳಿಗ್ಗೆ ನನ್ನ ಗುಳಿಗೆ ನುಂಗಿ, ಗಟ್ಟಿಯಾಗಿ "ನುಂಗಿದೆ" ಎಂದು ಖಾಲಿ ಕೋಣೆಗೆ ಹೇಳಿ, ಬಾಗೇವಾಡಿಗೆ ಫೋನು ಮಾಡುತ್ತೇನೆ.

"ಗುಳಿಗಿ ತೊಗೊಂಡ್ಯಾ?"

"ಹ್ಞೂಂ, ತೊಗೊಂಡೆ."

ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಆದರೆ ಹಿಂದೆ ಮುಂದೆ ನೋಡದೆ ನಂಬಲು ನಾನು ಅವಳಂತಲ್ಲ. ಒಂದು ಭಾನುವಾರ ಹೇಳದೆ ಕೇಳದೆ ಹೋದೆ. ಅವಳು ಗುಡಿಗೆ ಹೋಗಿದ್ದಳು. ಗುಳಿಗೆ ಇಡುವುದು ದೇವರ ಕೋಣೆಯ ಗೂಡಿನಲ್ಲಿ ಎಂದು ಭಾವ ಹೇಳಿದರು. ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ, ಹೊಸ್ತಿಲಾಚೆ ನಿಂತು ಕತ್ತು ಚಾಚಿದೆ. ಪಟ್ಟಿಯ ಗುಳ್ಳೆಗಳು ಸಾಲಾಗಿ ಒಡೆದು ಖಾಲಿಯಾಗಿದ್ದವು. ಒಡೆದಿರುವುದೆಂದರೆ ನುಂಗಿದ್ದು ಎಂದಲ್ಲವಲ್ಲ. ಅವಳು ಬಂದ ಮೇಲೆ ಲ್ಯಾಬಿಗೆ ಕರೆದುಕೊಂಡು ಹೋದೆ. "ನಂಬಿಗಿ ಇಲ್ಲೇನೋ ನನ್ನ ಮ್ಯಾಲ?" ಎಂದು ದಾರಿಯುದ್ದಕ್ಕೂ ಅಂದಳು. ಸಂಜೆ ರಿಪೋರ್ಟು ನನ್ನ ಕೈಗೇ ಬಂತು. ಯೂರಿಕ್ ಆಸಿಡ್ ಐದೂವರೆ. ಕಿಡ್ನಿಯ ಅಂಕಿ ಇಳಿಮುಖ. ಅಕ್ಕ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ.